ಕಾಲುವೆಯಲ್ಲೊಂದು ದಿನ

ಸಿದ್ದೇಶ್ವರಿ ಗಂಡನ ಹಣೆಗೆ ಮೂರನೆಯ ಎಳೆ ವಿಭೂತಿ ಹಚ್ಚುತ್ತಿದ್ದಾಗ ಬೆನ್ನ ಹಿಂದೆ ಅವನೇ ನಕ್ಕ ಸದ್ದು ಕೇಳಿಸಿತು. ತಿರುಗಿ ನೋಡಿದಳು. ಫ್ಯೂನರಲ್ ಹೋಮ್‌ನ ಗೋಡೆಯ ಮೇಲಿನ ಟೀವಿ. ಮದುವೆಯಿರಲಿ ಮಣ್ಣಿರಲಿ, ಅಮೆರಿಕದ ಈ ಶ್ಯಾಂಟಿಲಿ ಊರಿನ ನಮ್ಮವರಿಗೆ ಸ್ಲೈಡ್‌ಶೋ ಇಲ್ಲದೆ ನಡೆಯುವುದಿಲ್ಲ. ಮಗಳು ಸ್ಮಿತಾ ವಾಟ್ಸ್‌ಆ್ಯಪಿನಲ್ಲಿ ಎಲ್ಲರನ್ನೂ ಕೇಳಿ, ಬಂದದ್ದನ್ನೆಲ್ಲ ಅವಸರದಲ್ಲಿ ಜೋಡಿಸಿದ್ದಳು.

ಟೀವಿಯಲ್ಲಿ ಶಶಿಕಾಂತ ಉದ್ದನೆಯ, ಕಿರಿದಾದ ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ. ಕಾಲುವೆಯ ಎರಡೂ ದಡಗಳಲ್ಲಿ ಹಳದಿ ಎಲೆ. ನಾಯಿ ಹಿಡಿದು ನಡೆಯುತ್ತಿದ್ದ ಮುದುಕಿಯೊಬ್ಬಳು ದೋಣಿಯನ್ನೇ ಹಿಂದೆ ಹಾಕಿ ಹೋದಳು. ಅದಕ್ಕೇ ಅವನ ನಗು.

"ಇಂಗ್ಲೆಂಡಿನ ಕಾಲುವಿ, ವೈನಿ. ಹೋದ ಅಕ್ಟೋಬರ್. ನಾನೇ ವಿಡಿಯೋ ತಗದಿದ್ದೆ," ಎಂದ ಗುರುದತ್. ಶಶಿಕಾಂತನ ಆಫೀಸಿನ ಗೆಳೆಯ, ಪಾಪದ ಮನುಷ್ಯ. "ನೀವೂ ಬರಬೇಕಿತ್ತು. ನಿಮಗ ನೀರಂದ್ರ ಹೆದರಿಕಿ, ಒಲ್ಲೆ ಅಂದ್ರಂತ ಇವರು ಹೇಳಿದ್ರು."

ಅಷ್ಟರಲ್ಲಿ ಟೀವಿಯೊಳಗೆ ಫೋನು ರಿಂಗಾಯಿತು. ಯಾರದೆಂದು ಗುರುದತ್ತನ ದನಿ ಕೇಳಿತು.

"ಮನಿಯಿಂದ. ಏನರ ಸಾಮಾನ ತಾ ಅನ್ನೂದಿರತದ. ಆಮ್ಯಾಲೆ ನೋಡಿದ್ರಾತು," ಎಂದು ಶಶಿಕಾಂತ ಫೋನನ್ನು ಜೇಬಿಗಿಳಿಸಿದ.

ಕೂತವರು ಮೆಲ್ಲಗೆ ನಕ್ಕರು.

"ಅವತ್ತ ಸಂಜಿಗೇ ಇವರ ಅವ್ವ ಹೋದ ಸುದ್ದಿ ಬಂತಲ್ಲ," ಎಂದು ಗುರುದತ್ ಕಣ್ಣೊರೆಸಿಕೊಂಡ.

* * *

ಆ ದೋಣಿ ಗಂಡ ಹೆಂಡತಿ ಇಬ್ಬರೂ ಕೂಡಿ ಕಂಡ ಕನಸು. ರಿಟೈರಾದ ಮೇಲೆ ಇಂಗ್ಲೆಂಡಿಗೆ ಹೋಗುವುದು, ಅವನು ಚುಕ್ಕಾಣಿ ಹಿಡಿಯುವುದು, ಅವಳು ಇಳಿದು ಕಾಲುವೆಗೆ ಅಡ್ಡವಿರುವ ಗೇಟು ದೂಡಿ ದೋಣಿಗೆ ದಾರಿ ಬಿಡಿಸುವುದು ಎಂದು ಊಟಕ್ಕೆ ಕೂತಾಗಲೆಲ್ಲ ಮಾತಾಗುತ್ತಿತ್ತು. ಅದಕ್ಕೆಂದೇ ಅವಳು ಐವತ್ತು ದಾಟಿದ ಮೇಲೆ, ಮೊಮ್ಮಕ್ಕಳ ವಯಸ್ಸಿನವರ ನಡುವೆ ನಾಚಿಕೆ ಬಿಟ್ಟು ಈಜು ಕಲಿತಿದ್ದಳು.

ಹೋದ ವರ್ಷ ಅವನು ಆಫೀಸಿನ ಕೆಲಸಕ್ಕೆ ಬರ್ಮಿಂಗ್‌ಹ್ಯಾಮಿಗೆ ಹೋದ. ಹಾಸಿಗೆ ಹಿಡಿದ ಅತ್ತೆ ಮಲ್ಲಮ್ಮನನ್ನು ನೋಡಿಕೊಳ್ಳಲು ಅವಳು ಉಳಿದಳು. ಒಂದು ಬೆಳಿಗ್ಗೆ ಮುದುಕಿಗೆ ಉಸಿರು ಹತ್ತಿತು. "ಶಶೀನ ದನಿ ಕೇಳಸವ್ವಾ," ಎಂದಳು. ಸಿದ್ದೇಶ್ವರಿ ಫೋನು ಮಾಡಿ ಅತ್ತೆಯ ಕಿವಿಗೆ ಹಿಡಿದಳು. ಅದು ರಿಂಗಾಗಿ ರಿಂಗಾಗಿ ನಿಂತಿತು.

ಮೀಟಿಂಗಿನಲ್ಲಿದ್ದೆ, ಎದ್ದು ಬಂದು ಫೋನು ಎತ್ತಲಾಗಲಿಲ್ಲ ಎಂದು ಅವನು ಬಂದು ಗೋಳಾಡಿ ಅತ್ತ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅವಳೇ ಸಮಾಧಾನ ಮಾಡಿದ್ದಳು. ವರ್ಷವಿಡೀ ಮಾಡಿದ್ದಳು.

* * *

ಹಿರಿಯರಾದ ಮಹಾಂತಪ್ಪನವರು ಹೊತ್ತಾಯಿತೆಂದರು. ಕೊರಳಿನ ಇಷ್ಟಲಿಂಗ ಬಿಚ್ಚಿ ಎಡಗೈಯಲ್ಲಿಡಬೇಕು, ಪೆಟ್ಟಿಗೆ ಮುಚ್ಚಬೇಕು, ಮಣ್ಣಿಗೆ ಹೊರಡಬೇಕು.

"ತಡೀರಿ. ಆ ದೋಣಿದು ಇನ್ನೊಮ್ಮೆ ಬರಲಿ," ಎಂದಳು ಸಿದ್ದೇಶ್ವರಿ.

ಗಂಡನ ನಗುಮುಖ ಕಡೆಯ ಸಲ ನೋಡುವ ಆಸೆ ಎಂದುಕೊಂಡು ಪಕ್ಕದ ಮನೆಯ ನೀರಜಾ ಬಿಕ್ಕಿದಳು. ಸ್ಮಿತಾ ಬಂದು ತೋಳು ಹಿಡಿದು, "ಅಮ್ಮಾ, ಆರ್ ಯೂ ಓಕೆ?" ಎಂದಳು. ಅವಳು ಟೀವಿಯತ್ತಲೇ ನೋಡುತ್ತಿದ್ದಳು. ನಂಬಿ ಕೆಟ್ಟೆ ಎಂದು ಈ ಮಂದಿಯೆದುರು ಯಾರಿಗೆ ಹೇಳುವುದು?

ಮದುವೆಯ ಫೋಟೊ ಹೋಯಿತು, ಸ್ಮಿತಾಳ ಗ್ರಾಜುಯೇಷನ್ ಹೋಯಿತು. ದೋಣಿ ಬಂತು. ಫೋನು ರಿಂಗಾಯಿತು. ತನಗೇ ತಿಳಿಯದೆ ಅವಳು ಒಂದು ಹೆಜ್ಜೆ ಮುಂದಿಟ್ಟಳು, ಈ ಸಲವಾದರೂ ಎತ್ತುತ್ತಾನೆ ಎಂಬಂತೆ. ಅವನು ಜೇಬಿಗಿಳಿಸಿದ.

ಅವಳು ಲಿಂಗವನ್ನು ಅವನ ಅಂಗೈಯಲ್ಲಿಟ್ಟು ಕೈ ಹಿಂದಕ್ಕೆಳೆದುಕೊಂಡಳು.

"ಈಗ ಮುಚ್ಚರಿ."

ಮುಚ್ಚಳ ಇಳಿಯುವಾಗ ಟೀವಿಯಲ್ಲಿ ತಗ್ಗಾದ ಸೇತುವೆಯೊಂದು ಎದುರಾಯಿತು. ಶಶಿಕಾಂತ ನಗುತ್ತಲೇ ತಲೆ ತಗ್ಗಿಸಿ ಅದರಡಿ ನುಸುಳಿಕೊಂಡ.