ತೊಳೆದ ಸೊಪ್ಪು

ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಮಾಯಮ್ಮ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟಿದ್ದಳು. ಮಾಲಿನ್ಯ ತಪಾಸಣೆಗೆಂದು ಮಂಡ್ಯದಿಂದ ಬಂದ ಅಧಿಕಾರಿ ಸುದರ್ಶನ್ ಬೂಟು ಬಿಚ್ಚಿ, ಅದರಲ್ಲಿ ಕಾಲದ್ದಿ ಒಳಗೆ ಬಂದರು.

"ದೇವ್ರು ಬಂದ್ರೂವೆ ಇಲ್ಲಿ ಕಾಲು ತೊಳ್ಕೊಂಡೇ ಬರ್ಬೇಕು ಸಾ," ಎಂದ ಅವಳ ಗಂಡ ಸಿದ್ದರಾಜು. "ಆ ಒಗೆಗೆ ಮಾತ್ರ ಯೋಳಾಕಾಯ್ತಿಲ್ಲ."

ಸೋಮನಹಳ್ಳಿ ಕಡೆ ಹೆದ್ದಾರಿ ಬದಿಯಲ್ಲಿ ಹಳೇ ಟೈರು ಬೇಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಯೊಂದಿತ್ತು. ಎರಡು ವರ್ಷದಿಂದ ಅದರ ಹೊಗೆಯ ಮಸಿ ಇವರ ಹಿಪ್ಪುನೇರಳೆ ತೋಟದ ಮೇಲೆ ಕೂರುತ್ತಿತ್ತು. ಈ ತಿಂಗಳು ಅದರ ಪರವಾನಗಿ ನವೀಕರಣ. ಅಷ್ಟರೊಳಗೆ ತಕರಾರು ದಾಖಲಾಗಲಿ ಎಂದು ಮಾಯಮ್ಮ ಮೂರು ಸಲ ಅರ್ಜಿ ಕೊಟ್ಟಿದ್ದಳು. ಅಧಿಕಾರಿ ಬಂದದ್ದು ಇವತ್ತು. ನಾಲ್ಕನೇ ಸಲ ಪೊರೆ ಕಳಚಿ ಜ್ವರ ಎದ್ದು, ಇನ್ನು ನಾಲ್ಕೇ ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳ ತಟ್ಟೆ ತಟ್ಟೆಯಲ್ಲೂ ಕಪ್ಪಾಗಿ ಸತ್ತ ಮೇಲೆ.

ಸುದರ್ಶನ್ ಮೂಲೆಯಲ್ಲಿದ್ದ ಸೊಪ್ಪು ಎತ್ತಿ ನೋಡಿದರು. "ಮಸಿ ಎಲ್ಲಮ್ಮಾ? ಎಲೆ ಕ್ಲೀನಾಗಿದೆಯಲ್ಲ."

"ತೊಳ್ದಿವ್ನಿ ಸಾ. ಮಸಿ ಸೊಪ್ಪ ಬಾಯಿಲ್ಲದ ಜೀವಕ್ಕೆ ಎಂಗಿಕ್ಲಿ?"

"ಒದ್ದೆ ಎಲೆ ಹಾಕಿದ್ರೆ ಸಪ್ಪೆ ರೋಗ ಬಂದು ಹುಳ ಸಾಯುತ್ತೆ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಒಂದೊಂದೇ ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಫ್ಯಾನಿನಡಿ ಹರಡಿದ್ದಳು. ಕರೆಂಟು ಹೋಯಿತು. ಹಸಿದ ಹುಳ ತಲೆ ಎತ್ತಿ ಆಡಿಸತೊಡಗಿದಾಗ ನೋಡಲಾರದೆ ಹಾಗೇ ಇಕ್ಕಿದ್ದಳು.

ಸುದರ್ಶನ್ ವರದಿ ಬರೆದು ಓದಿದರು. 'ಹುಳುಗಳ ಸಾವಿಗೆ ಒದ್ದೆ ಸೊಪ್ಪು ಕಾರಣ. ಎಲೆಗಳ ಮೇಲೆ ಮಸಿ ಕಂಡುಬಂದಿಲ್ಲ.' ಪುರಾಣ ಕೇಳುವವಳ ಹಾಗೆ ಮಾಯಮ್ಮ ತಲೆ ತಗ್ಗಿಸಿ, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಂಡಳು.

"ಕಾರ್ಖಾನೆಯವರು ಮುಂದಿನ ಐದು ವರ್ಷದ ಫೀಸು ಕಟ್ಟಿದ್ದಾರಮ್ಮ. ಕಾರಣ ಇಲ್ಲದೆ ಪರವಾನಗಿ ತಡೆಯೋಕಾಗಲ್ಲ."

"ಆ ಫೀಸ ಒಗೆ ಅಳ್ದು ಆಕ್ತೀರಾ?"

"ಇಲ್ಲ. ಕಾರ್ಖಾನೆಗೆ ಎಷ್ಟು ಬಂಡವಾಳ ಹಾಕಿದ್ದಾರೋ ಅದರ ಮೇಲೆ."

"ಅಂಗಾದ್ರೆ ಎಷ್ಟು ಒಗೆ ಬುಟ್ರೂ ಒಂದೇ ಫೀಸು."

ಸುದರ್ಶನ್ ವರದಿಯನ್ನೂ ಪೆನ್ನನ್ನೂ ಚಾಚಿದರು. "ಇಲ್ಲೊಂದು ಸೈನ್ ಮಾಡಿ."

ಸಿದ್ದರಾಜು ತೋಟಕ್ಕೆ ಹೋದ. ಒಂದು ಹೊರೆ ಸೊಪ್ಪಿನ ಕಡ್ಡಿ ಮುರಿದು ತಂದು ಅಧಿಕಾರಿಯ ಮುಂದೆ ಕೆಡವಿದ. "ಇವ್ಳಿನ್ನೂ ಇದ ತೊಳ್ದಿಲ್ಲ ಸಾ. ನೋಡ್ಕಳಿ."

"ವರದಿ ಬರೆದಾಯ್ತಲ್ರೀ."

ಮಾಯಮ್ಮ ವರದಿಯನ್ನು ನೆಲದ ಮೇಲೆ ಹರಡಿ, ಪಕ್ಕದಲ್ಲಿ ಕೂತಳು. ಕಡ್ಡಿಯಿಂದ ಎಲೆ ಕಿತ್ತು ಕಾಗದದ ಮೇಲೆ ತಿಕ್ಕಿದಳು. ಇನ್ನೊಂದು ಕಿತ್ತಳು. ಮತ್ತೊಂದು. ಒಂದೊಂದೇ ಸಾಲು ಕಪ್ಪಾಯಿತು. 'ಕಂಡುಬಂದಿಲ್ಲ' ಎಂಬುದೂ ಕಾಣದಾಯಿತು.

"ಏನಮ್ಮ ಇದು, ಸರ್ಕಾರಿ ಕಾಗದ ಅದು."

"ಅದ್ಕೇ ಕಣಪ್ಪ. ನಮ್ ಸೊಪ್ಪಿನ ಮೇಲಿದ್ರೆ ನಿಮ್ಗೆ ಕಾಣಕಿಲ್ಲ."

ಮಸಿ ಮೆತ್ತಿದ ಬೆರಳಿಂದಲೇ ಪೆನ್ನು ತೆಗೆದುಕೊಂಡು, ಕೆಳಗೆ ದೊಡ್ಡದಾಗಿ ತನ್ನ ಹೆಸರು ಬರೆದಳು. ಕಾಗದವನ್ನು ಅವರ ಕೈಗಿಟ್ಟಳು.

"ತಗಳಿ. ಇದ ಆ ಫೀಸಿನ ರಸೀತಿ ಜತೇಲಿ ಇಕ್ಕಿ."