ಶಾಲುಬಾಯಿಗೆ ಸಿಗದ ಚರ್ಮ

ಔರಾದಿನ ಹಮೀದುನ್ನಿಸಾ ಬೀದರಿನ ಒಂದು ಪ್ರಯೋಗಾಲಯದಲ್ಲಿ ಮನುಷ್ಯರ ಚರ್ಮ ಬೆಳೆಸುತ್ತಿದ್ದಳು. ಸುಟ್ಟ ಗಾಯದವರಿಗೆ ಮುಂದೊಂದು ದಿನ ಅದನ್ನು ಕೂಡಿಸಬೇಕೆಂಬುದು ಅವಳ ಆಸೆ. ಗಾಜಿನ ತಟ್ಟೆಯಲ್ಲಿ ಚರ್ಮವೇನೋ ಬೆಳೆಯುತ್ತಿತ್ತು, ಆದರೆ ಅದರೊಳಗೆ ರಕ್ತನಾಳಗಳು ಮೂಡುತ್ತಿರಲಿಲ್ಲ. ಇಲಿಯ ಬೆನ್ನಿಗೆ ಹೊಲಿದ ತುಂಡು ರಕ್ತ ಸಿಗದೆ ಐದಾರು ದಿನಕ್ಕೆ ಕಪ್ಪಾಗಿ ಉದುರಿ ಬೀಳುತ್ತಿತ್ತು. ಮೂರು ವರ್ಷ ಹೀಗೇ ಕಳೆದಿತ್ತು.

ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು ಖಟಕ ಚಿಂಚೋಳಿಯ ಕಾಂತಾಬಾಯಿ. ಹಮೀದುನ್ನಿಸಾ ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ಅವಳ ಒಬ್ಬಳೇ ಮಗಳು ಶಾಲುಬಾಯಿಯನ್ನು ಭಾಲ್ಕಿಗೆ ಕೊಟ್ಟಿದ್ದರು. ಎರಡು ವರ್ಷ ಮಳೆ ಕೈಕೊಟ್ಟಾಗ ಶಾಲು ಗಂಡನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದಳು. 2016ರ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗ ಗುಡಿಸಲಿಗೆ ಹೊದಿಸಿದ್ದ ಕಬ್ಬಿನ ಒಣ ಗರಿಗೆ ಬೆಂಕಿ ಹತ್ತಿತು. ಬೆನ್ನು, ಎದೆ, ತೋಳು ಎಲ್ಲ ಸುಟ್ಟವು. ಅವಳನ್ನು ಬೀದರಿನ ಆಸ್ಪತ್ರೆಗೆ ತಂದರು.

ಮೂರನೆಯ ದಿನ ಕಾಂತಾಬಾಯಿ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಳು.

“ಮೇಡಂ, ನೀವು ಬೆಳೆಸ್ತೀರಲ್ರಿ, ಆ ಚರ್ಮ ನನ್ನ ಮಗಳಿಗಿ ಹಚ್ರಿ.”

“ಮೌಶಿ, ಅದು ಇಲಿ ಮೈಮ್ಯಾಲೇ ನಿಲ್ಲವಲ್ದು. ಶಾಲುಗೆ ಹ್ಯಾಂಗ ಹಚ್ಚಲಿ?”

“ನಿಂತರ ನಿಂತೀತು. ನೋಡ್ರಿ ಒಮ್ಮಿ.”

“ಕೊಳೆತ್ರ ಗಾಯ ಇನ್ನೂ ಕೆಡ್ತದ ಮೌಶಿ. ನನ್ನಿಂದ ಆಗಂಗಿಲ್ಲ.”

ಕಾಂತಾಬಾಯಿ ಆಸ್ಪತ್ರೆಗೆ ಮರಳಿದಳು. ಒಂಬತ್ತನೆಯ ದಿನ ಗಾಯಕ್ಕೆ ನಂಜೇರಿ ಶಾಲು ತೀರಿಕೊಂಡಳು. ತಾನು ಹೇಳಿದ್ದು ಸರಿಯೆಂದು ಹಮೀದುನ್ನಿಸಾಗೆ ಗೊತ್ತಿತ್ತು. ಆದರೂ ಕಾಂತಾಬಾಯಿ ಕೆಲಸಕ್ಕೆ ಮರಳಿದಾಗ ಅವಳ ಮುಖ ನೋಡಲಾಗದೆ ಬೇರೆ ಬಾಗಿಲಿನಿಂದ ಓಡಾಡತೊಡಗಿದಳು.

ಕಾಂತಾಬಾಯಿಯೇ ಒಂದು ದಿನ ಅಡ್ಡ ನಿಂತು ಕೇಳಿದಳು.

“ಚರ್ಮ ಕೊಡವ್ರು ಬೇಕಂತಲ್ರಿ. ನಂದು ತಗೋರಿ.”

“ನಿಮ್ದು ಬ್ಯಾಡ ಮೌಶಿ.”

“ಯಾಕ ಬ್ಯಾಡ? ಆಕಿಗಿ ಕೊಡ್ಲಾಕ ಆಗಲಿಲ್ಲ. ಇದಕ್ಕಾದ್ರೂ ಬರ್ಲಿ.”

ಹಮೀದುನ್ನಿಸಾ ಒಪ್ಪಿಗೆಯ ಕಾಗದವನ್ನು ಎರಡು ಸಲ ಓದಿ ಹೇಳಿದಳು. ಕಾಂತಾಬಾಯಿ ಸಹಿ ಮಾಡಿದಳು. ವೈದ್ಯರು ಅವಳ ತೊಡೆಯಿಂದ ಹೆಬ್ಬೆರಳ ಉಗುರಿನಷ್ಟು ಚರ್ಮ ತೆಗೆದರು. ಈ ಸಲ ಹಮೀದುನ್ನಿಸಾ ಆ ತುಂಡಿನಿಂದಲೇ ರಕ್ತನಾಳಗಳ ಒಳಪದರದ ಜೀವಕೋಶಗಳನ್ನೂ ಬೇರ್ಪಡಿಸಿ, ಚರ್ಮದ ಜೊತೆ ಕೂಡಿಸಿ ಬೆಳೆಸಿದಳು.

ಆಗಸ್ಟಿನಲ್ಲಿ ಅದನ್ನು ಇಲಿಯ ಬೆನ್ನಿಗೆ ಹೊಲಿದರು. ಆರನೆಯ ದಿನ ಪಟ್ಟಿ ಬಿಚ್ಚಿದಾಗ ತುಂಡು ಕಪ್ಪಾಗಿರಲಿಲ್ಲ, ಎಳೆಗೆಂಪಾಗಿತ್ತು. ಹಮೀದುನ್ನಿಸಾ ಕಾಂತಾಬಾಯಿಯನ್ನು ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದಳು. ಅರಿವಳಿಕೆ ಕೊಟ್ಟು ಮಲಗಿಸಿದ ಇಲಿಯ ಬೆನ್ನಿನ ಆ ತುಂಡಿನಲ್ಲಿ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ರಕ್ತ ಹರಿಯುತ್ತಿತ್ತು.

“ಇದು ನಂದೇ ಏನ್ರಿ?”

“ಚರ್ಮ ನಿಮ್ದು, ನಾಳ ನಿಮ್ದು. ರಕ್ತ ಇಲೀದು.”

“ಮನಷಾರಿಗಿ ಯಾವಾಗ ಹಚ್ತೀರಿ?”

“ಹತ್ತು ವರ್ಷ ಆಗಬಹುದು ಮೌಶಿ. ಇನ್ನೂ ಹೆಚ್ಚೇ ಆಗಬಹುದು.”

ಕಾಂತಾಬಾಯಿ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದಳು. “ಶಾಲುಗಿ ಇಪ್ಪತ್ತೆರಡ ವರ್ಷ ಇತ್ರಿ,” ಎಂದಳು. ಮಗಳನ್ನು ಮಣ್ಣು ಮಾಡಿದ ದಿನವೂ ಅಳದಿದ್ದವಳು ಅಲ್ಲಿಯೇ ಮೇಜಿಗೆ ತಲೆ ಹಚ್ಚಿ ಅತ್ತಳು. ಹಮೀದುನ್ನಿಸಾ ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತಳು.