ತವರಿಗೆ ಹೋಗದ ಸಂದೇಶ

ಬಸುರಿ ಸೊಸೆಯ ಮೇಲೆ ಜೀವ ಇಟ್ಟುಕೊಂಡ ಅತ್ತೆಯಂದಿರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ. ನನಗೇ ಎಲ್ಲಾ ಗೊತ್ತು ಅನ್ನುವವರೂ ಅವರೇ. ಯರಗುಪ್ಪಿಯ ಅನ್ನವ್ವ ಇಂಥವಳು. ನಾಲ್ಕು ಹೆತ್ತವಳು, ಓಣಿಯಲ್ಲಿ ಹತ್ತು ಬಾಣಂತನ ಮಾಡಿದವಳು. ಅವಳ ಎದುರು ಮಾತಾಡುವ ಧೈರ್ಯ ಮಗ ಈರೇಶನಿಗೂ ಇರಲಿಲ್ಲ.

ಸೊಸೆ ಶೈಲಾ ಮೊದಲ ಸಲ ಬಸುರಾದಾಗ ಆಶಾ ಕಾರ್ಯಕರ್ತೆ ತಬಸುಮ್ ಹೆಸರು ಬರೆದುಕೊಳ್ಳಲು ಬಂದಳು.

"ಫೋನ್ ನಂಬರ್ ಹೇಳ್ರಿ. ವಾರಕ್ಕೊಮ್ಮೆ ಫೋನ್ ಬರತೈತಿ. ಯಾವ ತಿಂಗಳದಾಗ ಏನ್ ತಿನ್ನಬೇಕು, ಯಾವಾಗ ದವಾಖಾನಿಗೆ ಓಡಬೇಕು, ಎಲ್ಲಾ ಕನ್ನಡದಾಗ ಹೇಳ್ತಾರ."

ಶೈಲಾಳ ಹತ್ತಿರ ಸ್ವಂತ ಫೋನ್ ಇರಲಿಲ್ಲ. ಅನ್ನವ್ವ ತನ್ನ ನಂಬರ್ ಕೊಟ್ಟಳು. ಮೊದಮೊದಲು ಅವಳು, ಅದು ರೆಕಾರ್ಡ್ ಮಾಡಿದ ದನಿ ಅಂತ ತಿಳಿಯದೆ, ಫೋನಿನೊಳಗಿನ ಹುಡುಗಿಯನ್ನು "ಯಾರವಾ ನೀ? ಯಾವೂರಾಕಿ?" ಅಂತ ಕೇಳಿದ್ದೂ ಉಂಟು. ಉತ್ತರ ಕೊಡದೆ ತನ್ನಷ್ಟಕ್ಕೆ ಹೇಳಿಕೊಂಡು ಹೋಗುವ ಆ ಹುಡುಗಿ ಅವಳಿಗೆ ಅಷ್ಟೇನೂ ಸೇರಲಿಲ್ಲ. ಶೈಲಾ ಮಾತ್ರ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೊನೆಯ ಮಾತಿನ ತನಕ ಕೇಳುತ್ತಿದ್ದಳು.

ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಆಯಿತು. ಚೊಚ್ಚಲ ಹೆರಿಗೆ ಅಂದಮೇಲೆ ತವರಿನಲ್ಲೇ ಆಗಬೇಕು. ಶೈಲಾ ಹಸಿರು ಸೀರೆ ಉಟ್ಟು ತವರೂರು ದುಮ್ಮವಾಡಕ್ಕೆ ಹೊರಟಳು. ಆವತ್ತು ತಬಸುಮ್ ಮತ್ತೆ ಬಂದಳು.

"ಅನ್ನವ್ವಾರ, ಶೈಲಾನ ತಾಯಿ ನಂಬರ್ ಕೊಡ್ರಿ, ಬದಲಿ ಮಾಡಸ್ತೀನಿ. ಇಲ್ಲಾಂದ್ರ ಸಂದೇಶ ನಿಮಗ ಬರತಾವ, ಬಸುರಿ ಅಲ್ಲಿರತಾಳ."

"ನಮ್ಮ ಮನಿ ಕೂಸಿನ ಸುದ್ದಿ ಬೀಗರ ಫೋನಿಗೆ ಯಾಕ ಹೋಗಬೇಕು? ನಾನ ಕೇಳಿ ಹೇಳ್ತೀನಿ ಬಿಡು," ಅಂದಳು ಅನ್ನವ್ವ.

ಹೀಗೆ ಬಸುರಿ ದುಮ್ಮವಾಡದಲ್ಲಿ, ಅವಳಿಗೆ ಬರುವ ಫೋನ್ ಯರಗುಪ್ಪಿಯಲ್ಲಿ. ದೊಡ್ಡಸ್ತಿಕೆಯ ಒಂದು ಮಾತು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅನ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನ್ ಬಂತು. "ಮುಖ, ಕೈ ಬಾತುಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ…" ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತ ವಾಸನೆ ಬಂತು. ಅನ್ನವ್ವ ಹಿಟ್ಟಿನ ಕೈಯಲ್ಲೇ ಫೋನ್ ಕಟ್ ಮಾಡಿದಳು.

ಸಂಜೆ ಶೈಲಾ ತಾಯಿಯ ಫೋನಿನಿಂದ ಮಾತಾಡಿದಳು. "ಅತ್ತಿ, ಈ ವಾರದ ಫೋನ್ ಬಂತೇನ್ರಿ? ಏನ್ ಹೇಳಿದ್ರು?"

"ಏನಿಲ್ಲವಾ, ಅದ ಹಾಡು. ಛಲೋ ಉಣ್ಣು, ಮಲಕೋ ಅಂತಾರ."

"ನನ್ನ ಮುಖ ಸ್ವಲ್ಪ ಬಾತೈತ್ರಿ. ತಲಿನೂ ನೋಯಾಕತ್ತೈತಿ."

ಬೆಳಿಗ್ಗೆ ಕೇಳಿದ್ದು ಅನ್ನವ್ವನ ಮನಸ್ಸಿಗೆ ಬಂತು. ಆದರೆ ಅರ್ಧಕ್ಕೇ ಕಟ್ ಮಾಡಿದೆ ಅಂತ ಸೊಸೆಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? "ಬಸುರ್ಯಾರಿಗೆ ಬಾವು ಬರೂದ ಶೈಲಾ. ನನಗೂ ಬಂದಿತ್ತು. ಅಂಜಬ್ಯಾಡ," ಅಂದುಬಿಟ್ಟಳು.

ಮೂರನೆಯ ದಿನ ಶೈಲಾಳಿಗೆ ಫಿಟ್ಸ್ ಬಂತು. ಆಂಬುಲೆನ್ಸ್ ಕರೆಸಿ ಪೇಟೆಯ ದೊಡ್ಡ ದವಾಖಾನೆಗೆ ಒಯ್ದರು. ಶೈಲಾ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು.

"ಬಿ.ಪಿ. ಏರಿತ್ತು. ಮುಖ ಬಾತು ತಲೆನೋವು ಬಂದಾಗಲೇ ಕರಕೊಂಡು ಬರಬೇಕಿತ್ತು," ಅಂದರು ಡಾಕ್ಟರು. ಉಳಿದವರೆಲ್ಲ ಆ ಮಾತನ್ನು ಮೊದಲ ಸಲ ಕೇಳಿದರು. ಅನ್ನವ್ವ ಎರಡನೆಯ ಸಲ ಕೇಳಿದಳು.

ಫೋನಿಗೆ ಇದೇನು ಗೊತ್ತು? ಅದು ವಾರ ತಪ್ಪದೆ ಬರುತ್ತಲೇ ಇತ್ತು. "ನಿಮ್ಮ ಕೂಸಿಗೆ ಈಗ ಆರು ವಾರ. ಲಸಿಕೆ ಹಾಕಿಸಿದಿರಾ?" ಅನ್ನವ್ವ ಆವತ್ತು ಕಟ್ ಮಾಡಲಿಲ್ಲ, ಪೂರ್ತಿ ಕೇಳಿದಳು. ಆಮೇಲೆ ದನದ ಕೊಟ್ಟಿಗೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ತಬಸುಮ್‌ಗೆ ಹೇಳಿ ಫೋನ್ ನಿಲ್ಲಿಸಿದಳು. ಹೊಟ್ಟೆಯೊಳಗಿನ ಮಾತನ್ನು ಯಾರಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಶೈಲಾ ಮತ್ತೆ ಬಸುರಾದಳು. ತಬಸುಮ್ ಬಂದು ಪಡಸಾಲೆಯಲ್ಲಿ ಪುಸ್ತಕ ತೆರೆದಳು.

"ಫೋನ್ ಬ್ಯಾಡ್ರಿ ಅಕ್ಕಾರ," ಅಂದಳು ಶೈಲಾ. "ಹೋದ ಸಲ ವಾರಾ ವಾರಾ ಬಂತು. ನನಗ ಬೇಕಾದ ಮಾತು ಹೇಳಲಿಲ್ಲ. ಉಣ್ಣು, ಮಲಕೋ, ಅಷ್ಟ. ಅದನ್ನ ನಂಬಿ ನಾ ಸುಮ್ನ ಕುಂತೆ."

"ಹಂಗನ್ನಬ್ಯಾಡ ಶೈಲಾ. ಒಮ್ಮೆ ಬಿ.ಪಿ. ಏರಿದಾಕಿಗೆ ಮತ್ತೂ ಏರಬಹುದು. ಈ ಸಲ ಇನ್ನಾ ಹುಷಾರಿರಬೇಕು."

"ಬೇಕಾದ್ರ ನಮ್ಮ ಅತ್ತಿನ ಕೇಳ್ರಿ. ಎಲ್ಲಾ ಕೇಳಿದವರು ಅವರ."

ಇಬ್ಬರೂ ಅನ್ನವ್ವನ ಕಡೆ ನೋಡಿದರು. ಹೌದು ಅಂದರೆ ಅವಳ ಮರ್ಯಾದೆ ಉಳಿಯುತ್ತಿತ್ತು. ಹೊಟ್ಟೆಯಲ್ಲಿದ್ದ ಕೂಸಿನ ಗತಿ? ಅನ್ನವ್ವ ಸೊಸೆಯ ಎದುರು ನೆಲಕ್ಕೆ ಕುಳಿತಳು.

"ಹೇಳಿತ್ತವಾ. ಫೋನ್ ಹೇಳಿತ್ತು. ಮುಖ ಬಾತ್ರ, ತಲಿನೋವು ಬಿಡಲಿಲ್ಲಂದ್ರ ಅಂತ ಹೇಳಾಕತ್ತಿತ್ತು. ರೊಟ್ಟಿ ಹೊತ್ತೀತಂತ ನಾನ ಕಟ್ ಮಾಡಿದೆ. ನೀ ಕೇಳಿದಾಗ ಸುಳ್ಳು ಹೇಳಿದೆ. ಆ ಕೂಸನ್ನ ನಾನ ಕಳದೆ, ಶೈಲಾ."

ಶೈಲಾ ಅಳಲಿಲ್ಲ, ಬೈಯಲೂ ಇಲ್ಲ. "ಎರಡು ವರ್ಷ ನನ್ನ ಮುಖ ನೋಡಕೋತ ಹೆಂಗ ಇದ್ರಿ ಅತ್ತಿ?" ಅಂತ ಮಾತ್ರ ಕೇಳಿದಳು.

ಅನ್ನವ್ವ ಎದ್ದಳು. ಗೋಡೆಯ ಗೂಡಿನಲ್ಲಿದ್ದ ತನ್ನ ಫೋನ್ ತಂದು ಸೊಸೆಯ ಉಡಿಯಲ್ಲಿಟ್ಟಳು. "ಇದು ಇನ್ನ ನಿಂದು. ನೀ ಎಲ್ಲಿ ಹೋಗ್ತಿ, ನಿನ್ನ ಸಂಗಾಟ ಬರ್ಲಿ."

ಶೈಲಾ ಫೋನ್ ಕೈಗೆತ್ತಿಕೊಂಡು ತಬಸುಮ್ ಕಡೆ ತಿರುಗಿದಳು. "ಈ ನಂಬರ್ ಬರಕೋರಿ. ನಮ್ಮವ್ವನ ನಂಬರೂ ನಿಮ್ಮ ಹತ್ರ ಇರ್ಲಿ."

ನಾಲ್ಕು ದಿನ ಅವಳು ಅತ್ತೆಯ ಜೊತೆ ಮಾತಾಡಲಿಲ್ಲ. ಮಾತಾಡು ಅಂತ ಅನ್ನವ್ವನೂ ಕೇಳಿಕೊಳ್ಳಲಿಲ್ಲ. ಐದನೆಯ ದಿನ ರೊಟ್ಟಿ ಬಡಿಯುವ ಹೊತ್ತಿಗೆ ಫೋನ್ ಬಂತು. ಶೈಲಾ ಅಡುಗೆಮನೆಗೆ ಬಂದು ಸ್ಪೀಕರ್ ಹಚ್ಚಿ ಅತ್ತೆಯ ಪಕ್ಕದಲ್ಲಿಟ್ಟಳು. ಅನ್ನವ್ವ ಹಂಚು ಇಳಿಸಿ, ಒಲೆ ಆರಿಸಿದಳು.

"ಕಡೀತನಕ ಕೇಳೂಣ್ರಿ," ಅಂದಳು ಶೈಲಾ.

ಅವ್ವಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಅಥವಾ ಬಾಣಂತಿ ಇದ್ದರೆ ಇವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ನಂಬರ್ ಕೊಡಿ. ಅದು ಅವಳ ಕೈಯಲ್ಲೇ ಇರುವ ಫೋನಿನ ನಂಬರ್ ಆಗಿರಲಿ. ತವರಿಗೆ ಹೊರಟಾಗ ಬುತ್ತಿ ಕಟ್ಟುವ ಮೊದಲು ಆ ನಂಬರ್ ಸರಿ ಇದೆಯೇ ನೋಡಿ, ಇಲ್ಲವಾದರೆ ಬದಲಿಸಿ. ಮುಖ, ಕೈ ಬಾತರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಯಾರ ಒಪ್ಪಿಗೆಗೂ ಕಾಯದೆ 108ಕ್ಕೆ ಫೋನ್ ಮಾಡಿ. ಸಂದೇಶ ಬಂದಾಗ ಕೊನೆಯ ಮಾತಿನ ತನಕ ಕೇಳಿ. ರೊಟ್ಟಿ ಹೊತ್ತರೆ ಹೊತ್ತಲಿ, ಇನ್ನೊಂದು ಬಡಿದರಾಯಿತು.